ಸೂರಿನಡಿಯ ದನಿ

ಮಾರ್ಚ್ 4

ಹುಡುಗೀ,

ನೀನು ಹೋಗಿ ಎರಡು ವಾರವಾಯಿತು, ಒಂದು ಸಾಲು ಬರೆದಿಲ್ಲ. ಊಟ ಮಾಡುತ್ತಿದ್ದೀಯಾ, ನಿದ್ದೆ ಬರುತ್ತಿದೆಯಾ, ಆ ಬಾಡಿಗೆ ಕೋಣೆಯ ಚಿಲಕವಾದರೂ ಸರಿಯಾಗಿ ಬೀಳುತ್ತದೆಯಾ, ಯಾವುದೂ ಗೊತ್ತಿಲ್ಲ. ಫೋನು ಬೇಡ, ಕಾಗದ ಬರೆಯೋಣ ಅಂದವಳು ನೀನೇ. ನಾನೂ ಒಪ್ಪಿದೆ. ಫೋನಿನಲ್ಲಾದರೆ ಇಬ್ಬರೂ ಒಟ್ಟಿಗೆ ಅಳುತ್ತೇವೆ, ಕಾಗದದಲ್ಲಾದರೆ ಅವರವರ ಪಾಳಿ ಬಂದಾಗ ಅಳಬಹುದು. ಹಾಗಂತ ಎಲ್ಲಾ ಪಾಳಿಯನ್ನೂ ನನ್ನ ತಲೆಗೇ ಕಟ್ಟಬೇಡ.

ನನ್ನ ತಮ್ಮ ತೀರಿಕೊಂಡ ಮೇಲೆ, ಹಕ್ಕಿ ಚಿಟ್ಟೆಗಳನ್ನು ಮರಳಿ ಕರೆತರುತ್ತೇವೆ ಅಂತ ಹೊರಟ ನಿಮ್ಮ ಬೀದಿ ಬಳಗ ಚದುರಿಹೋಗುತ್ತದೆ ಅಂದುಕೊಂಡಿದ್ದೆ. ಎಲ್ಲಿ! ಈಗ ಅವರ ಸಭೆ ನನ್ನ ಹೊಲಿಗೆ ಅಂಗಡಿಯಲ್ಲಿ. ನಿನ್ನೆ ಡ್ರಾಯಿಂಗ್ ಮೇಷ್ಟ್ರು ಬಂದು ಇಸ್ತ್ರಿ ಮಾಡಿಟ್ಟ ಬಟ್ಟೆಗಳ ಮೇಲೇ ಕೂತುಬಿಟ್ಟರು. ಎಬ್ಬಿಸಿದೆ. ಬೇಕರಿಯಮ್ಮ ಒಂದು ತಟ್ಟೆ ಬಿಸ್ಕತ್ತು ತಂದು ಅದರಲ್ಲಿ ಅರ್ಧ ತಾನೇ ತಿಂದಳು. ಶಾಲೆಯ ಹಿಂದಿನ ಹೊಂಡಕ್ಕೆ ಕಪ್ಪೆ ಬಂದಿವೆಯಂತೆ. ಚರಂಡಿ ಪಕ್ಕ ನೀವೆಲ್ಲ ಬಿತ್ತಿದ್ದ ಕಾಡುಹೂವಿಗೆ ಚಿಟ್ಟೆ ಬರುತ್ತಿವೆ. ಗೋದಾಮಿನ ಗೋಡೆಯಲ್ಲಿ ಬಾವಲಿ ಸೇರಿಕೊಂಡಿವೆ. ಬಾರದೆ ಉಳಿದದ್ದು ನನ್ನ ತಮ್ಮ ಹಗಲೂ ರಾತ್ರಿ ಜಪಿಸುತ್ತಿದ್ದ ಆ ಒಂದೇ ಹಕ್ಕಿ, ಕುಡುಗೋಲಕ್ಕಿ.

ನಾವು ಚಿಕ್ಕವರಿದ್ದಾಗ ಅವು ಈ ಬೀದಿಯ ಪ್ರತಿ ಮನೆಯ ಸೂರಿನಲ್ಲೂ ಇದ್ದವು. ಕುಡುಗೋಲಿನಂಥ ರೆಕ್ಕೆ, ನೆಲಕ್ಕೂ ಇಳಿಯದ, ತಂತಿಯ ಮೇಲೂ ಕೂರದ ಹಕ್ಕಿ. ಹೆಂಚಿನ ಸಂದಿ ಬಿಟ್ಟರೆ ಅದಕ್ಕೆ ಬೇರೆ ಜಾಗವಿರಲಿಲ್ಲ. ಎಲ್ಲರೂ ಮನೆ ರಿಪೇರಿ ಮಾಡಿಸಿ ಸಂದಿಗೆಲ್ಲ ಸಿಮೆಂಟ್ ಮೆತ್ತಿಸಿದರು, ಅವೂ ಹೋದವು. ನನ್ನ ತಮ್ಮ ದಿನದ ಮರಗೆಲಸ ಮುಗಿಸಿ ಬಂದ ಮೇಲೂ ಮತ್ತೆ ಮರ ಕುಯ್ದು, ಅವು ಗೂಡು ಕಟ್ಟಲೆಂದು ಸೂರಿಗೆ ಪೆಟ್ಟಿಗೆ ಮೇಲೆ ಪೆಟ್ಟಿಗೆ ಹೊಡೆದ. ಒಂದು ಹಕ್ಕಿಯೂ ಮೂಸಿ ನೋಡಲಿಲ್ಲ. ಅಲ್ಲಿ ತಮ್ಮವರಿದ್ದಾರೆ ಅನ್ನಿಸಿದರೆ ಮಾತ್ರ ಅವು ಬರುವುದಂತೆ. ಅದಕ್ಕೇ ಹೋದ ವರ್ಷ ಹಳೇ ಗಿರಣಿಯ ಗೋಡೆಯಲ್ಲಿ ಉಳಿದಿದ್ದ ಕೊನೆಯ ನಾಲ್ಕಾರು ಹಕ್ಕಿಗಳ ಕೂಗನ್ನು ರೆಕಾರ್ಡ್ ಮಾಡಿ ತಂದು ನಿಮ್ಮ ಮಹಡಿಯ ಸೂರಿನಡಿ ಸ್ಪೀಕರ್ ಕಟ್ಟಿದ್ದು. ಆ ಗಿರಣಿಯೂ ಈಗಿಲ್ಲ.

ಆ ಕೂಗಿನಲ್ಲಿ ನಾನೂ ಇದ್ದೇನಲ್ಲ! ಕಾಲು ನೋಯುತ್ತಿದೆ, ಇನ್ನೆಷ್ಟು ಹೊತ್ತು ನಿಲ್ಲಿಸುತ್ತೀಯೋ ಅಂತ ನಾನು ಗೊಣಗುತ್ತೇನೆ. ಅವನು, "ಅಕ್ಕಾ, ಒಂದ್ನಿಮಿಷ ಬಾಯಿ ಮುಚ್ಕೊಂಡಿರೇ, ಅವು ಮಾತಾಡ್ತಿವೆ" ಅಂದು ನಗುತ್ತಾನೆ. ಆಮೇಲೆ ಮತ್ತೆ ಹಕ್ಕಿ. ನಿನ್ನೆ ಮೇಷ್ಟ್ರು ಮೆಲ್ಲಗೆ ಎತ್ತಿದರು: "ಹಕ್ಕಿ ಬರೋ ಕಾಲ ಬಂತು ಕಣಮ್ಮ, ಧ್ವನಿ ಹಾಕೋಕೆ ಶುರು ಮಾಡ್ಬೇಕು. ಬೇರೆ ಕಡೆಯಿಂದ ಚೊಕ್ಕವಾಗಿರೋದು ತರಿಸ್ಲಾ? ಇದ್ರಲ್ಲಿ ಮನುಷ್ಯರ ಮಾತು ಸೇರ್ಕೊಂಡಿದೆ."

"ಆ ಮನುಷ್ಯರು ಯಾರು ಅಂತ ಗೊತ್ತು ತಾನೇ?" ಅಂದೆ. ಪಾಪ, ಮೇಷ್ಟ್ರು ಇನ್ನೊಂದು ಬಿಸ್ಕತ್ತು ಬಾಯಿಗಿಟ್ಟುಕೊಂಡರು. ಇವತ್ತಿನಿಂದ ಬೆಳಿಗ್ಗೆ, ಸಂಜೆ ಮಹಡಿಗೆ ಹೋಗಿ ಸ್ವಿಚ್ಚು ಹಾಕುವುದು ನನ್ನ ಕೆಲಸ. ನಿಮ್ಮ ಕೋಣೆಯಲ್ಲಿ ಏನನ್ನೂ ಮುಟ್ಟಿಲ್ಲ, ಕಸ ಮಾತ್ರ ಗುಡಿಸಿದೆ.

ಕೋಪ ಇದ್ದರೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ನಿನ್ನ ಅಕ್ಕ


ಮಾರ್ಚ್ 19

ಅಕ್ಕ,

ಕ್ಷಮಿಸಿ. ಬರೆಯಲು ಕೂತರೆ ಎಲ್ಲಿಂದ ಶುರುಮಾಡುವುದೋ ತಿಳಿಯುತ್ತಿರಲಿಲ್ಲ. ಕೋಪ ಏನೂ ಇಲ್ಲ, ಇದ್ದರೂ ನಿಮ್ಮ ಮೇಲಲ್ಲ.

ಕೋಣೆ ಚಿಕ್ಕದು, ಗಾಳಿ ಬರುತ್ತದೆ. ಚಿಲಕ ಗಟ್ಟಿಯಾಗಿದೆ. ಕನ್ನಡಕದ ಕಾರ್ಖಾನೆಯಲ್ಲಿ, ನಮ್ಮೂರಿನಲ್ಲಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲೂ ಕೊಟ್ಟಿದ್ದಾರೆ, ಗಾಜಿನ ಅಂಚು ತಿಕ್ಕುವುದು. ನೀರು ಚಿಮ್ಮಿ ಎದೆಯವರೆಗೂ ಒದ್ದೆಯಾಗುತ್ತದೆ. ಪಕ್ಕದ ಯಂತ್ರದವಳು ಒಳ್ಳೆಯವಳು. ಮೊದಲ ದಿನವೇ ತನ್ನ ರಬ್ಬರ್ ಹೊದಿಕೆ ಕೊಟ್ಟು, "ಹೊಟ್ಟೆ ಒದ್ದೆ ಆಗ್ಬಾರ್ದು, ಇದು ಕಟ್ಕೊ" ಅಂದಳು. ಅವಳಿಗೆ ನೋಡಿದ ಕೂಡಲೇ ಗೊತ್ತಾಗಿತ್ತು.

ನಿಮಗೆ ಹೀಗೆ ಕಾಗದದಲ್ಲಿ ಹೇಳುತ್ತಿದ್ದೇನೆ, ಬೈಯಬೇಡಿ. ಮೂರು ತುಂಬಿ ನಾಲ್ಕಕ್ಕೆ ಬಿದ್ದಿದೆ. ನಿಮ್ಮ ತಮ್ಮ ಆಸ್ಪತ್ರೆ ಸೇರಿದ ವಾರ ನನಗೇ ಖಚಿತವಿರಲಿಲ್ಲ. ಆಮೇಲೆ ಹೇಳಲು ಅವರೇ ಇರಲಿಲ್ಲ. ಹಿಂದೆ ಎರಡು ಸಲ ನಿಲ್ಲದೆ ಹೋದಾಗ ನಿಮ್ಮ ಮಡಿಲಲ್ಲೇ ಬಿದ್ದು ಅತ್ತದ್ದು ನೆನಪಿರಬೇಕಲ್ಲ. ಈ ಸಲ ಗಟ್ಟಿಯಾಗಿ ನಿಂತ ಮೇಲೆ ಹೇಳೋಣ ಅಂತ ಕಾದೆ. ಸೆಪ್ಟೆಂಬರ್ ಅಂದಿದ್ದಾರೆ.

ಬೀದಿಯಲ್ಲಿ ಯಾರಿಗೂ ಹೇಳಬೇಡಿ ಅಕ್ಕ. ದಮ್ಮಯ್ಯ.

ನಿಮ್ಮ ಹುಡುಗಿ


ಮಾರ್ಚ್ 26

ನನ್ನ ಬಂಗಾರವೇ,

ಇಡೀ ಬೀದಿಗೆ ಹೇಳಿಬಿಟ್ಟೆ. ಏನು ಮಾಡಲಿ? ನಿನ್ನ ಕಾಗದ ಓದುವಾಗ ಒಬ್ಬ ಹೆಂಗಸಿಗೆ ಸೊಂಟದ ಅಳತೆ ತೆಗೆಯುತ್ತಿದ್ದೆ. ಟೇಪು ಅವಳ ಸೊಂಟಕ್ಕೇ ಬಿಟ್ಟು ಬೀದಿಗೆ ಓಡಿದೆ. ಬೇಕರಿಯಮ್ಮ ಅತ್ತಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿದರು, ಮತ್ತೆ ತೆಗೆದರು. ನನ್ನ ಬಾಯಿ ಗೊತ್ತಿದ್ದೂ ಗುಟ್ಟು ಹೇಳಿದ್ದು ನಿನ್ನ ತಪ್ಪು.

ನಿನ್ನ ಹೊಟ್ಟೆ ತಣ್ಣಗಿರಲಿ. ಮೂರು ತಿಂಗಳಿನಿಂದ ಅನ್ನ ತಿಂದರೆ ಮಣ್ಣು ತಿಂದ ಹಾಗಿತ್ತು. ಇವತ್ತು ಎರಡು ಸಲ ಬಡಿಸಿಕೊಂಡೆ.

ಈಗ ಕೇಳು, ಒಂದು ತೀರ್ಮಾನ ಮಾಡಿದ್ದೇನೆ. ಸೂರಿನ ದನಿಯನ್ನು ಸೆಪ್ಟೆಂಬರಿನವರೆಗೂ ನಿಲ್ಲಿಸುವುದಿಲ್ಲ. ಹಕ್ಕಿ ಬರಲಿ, ಬಿಡಲಿ. ನೀನು ಮಗುವನ್ನೆತ್ತಿಕೊಂಡು ಬೀದಿ ತಿರುವಿನಲ್ಲಿ ಇಳಿದಾಗ ಮೇಲಿನಿಂದ ಅದರಪ್ಪ ಮಾತಾಡಬೇಕು. ಆ ದನಿಯ ನಕಲು ಮೇಷ್ಟ್ರ ಹತ್ತಿರ ಇದೆ, ಯಾವಾಗ ಬೇಕಾದರೂ ಕೇಳಿಸಬಹುದು ಅಂತ ನೀನು ಹೇಳಬಹುದು. ನಾನೂ ಒಮ್ಮೆ ಕೋಣೆಯಲ್ಲಿ ಕೂತು ಕೇಳಿದೆ. ಎದೆ ಒಡೆದುಹೋಯಿತು. ಕೋಣೆಯೊಳಗೆ ಕೇಳಿದರೆ ಸತ್ತವನ ದನಿ. ಸೂರಿನಿಂದ ಕೇಳಿದರೆ ಹಾಗಲ್ಲ. ಹಾಲಿನವನು ತಲೆಯೆತ್ತಿ ನೋಡುತ್ತಾನೆ, ಎದುರುಮನೆಯ ಅಜ್ಜಿ "ಬೆಳಗಾಯ್ತು, ಹುಡುಗ ಎದ್ದ" ಅನ್ನುತ್ತಾರೆ. ಅವನು ಏಣಿ ಮೇಲೆಯೇ ಇದ್ದಾನೆ, ಕೆಲಸ ಮುಗಿದಿಲ್ಲ, ಇಳಿದು ಬರುತ್ತಾನೆ ಅನ್ನಿಸುತ್ತದೆ.

ಹೊಲಿಗೆ ಶುರುಮಾಡಿದ್ದೇನೆ. ಹಳದಿ ಬಣ್ಣದ್ದು, ಗಂಡಾದರೂ ಹೆಣ್ಣಾದರೂ ಆಗುತ್ತದೆ. ಅವನ ನೀಲಿ ಗೆರೆಯ ಅಂಗಿ ಬಿಚ್ಚಿ ಒಂದು ಜುಬ್ಬ ಮಾಡಲಾ? ಬೇಡ ಅಂದರೆ ಮುಟ್ಟುವುದಿಲ್ಲ.

ನಿನ್ನ ಅಕ್ಕ


ಏಪ್ರಿಲ್ 20

ಅಕ್ಕ,

ಅಂಗಿ ಬಿಚ್ಚಿ. ಅವರ ಕೊರಳು ತಾಗಿದ ಜಾಗ ಬಿಸಾಡದೆ ಒಳಗೆ ಎಲ್ಲಾದರೂ ಸೇರಿಸಿ.

ಇಲ್ಲಿ ಎಲ್ಲ ಸರಿಯಿದೆ. ಪರೀಕ್ಷೆ ಮಾಡಿದವರು "ಚೆನ್ನಾಗಿ ಬೆಳೀತಿದೆ, ಭಾರ ಎತ್ತಬೇಡಿ" ಅಂದರು. ಹೋದ ವಾರ ಯಂತ್ರ ಹಾಕಿದ ಕೂಡಲೇ ಒಳಗಿನಿಂದ ಯಾರೋ ಬೆರಳಲ್ಲಿ ತಟ್ಟಿದ ಹಾಗಾಯಿತು. ಯಂತ್ರ ನಿಲ್ಲಿಸಿದೆ, ತಟ್ಟುವುದೂ ನಿಂತಿತು. ಮತ್ತೆ ಹಾಕಿದೆ, ಮತ್ತೆ ತಟ್ಟಿತು. ಪಕ್ಕದವಳನ್ನು ಕರೆದು ಕೈಯಿಡಿಸಿದೆ. ಇಬ್ಬರೂ ನಗುತ್ತಾ ನಿಂತಿದ್ದಕ್ಕೆ ಮೇಲಿನವರಿಂದ ಬೈಸಿಕೊಂಡೆವು. ನಿಮ್ಮ ತಮ್ಮ ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು. ಇಲ್ಲಿನ ಯಂತ್ರದ ಸದ್ದೇ ಅದಕ್ಕೆ ಜೋಗುಳವಾಗಿಬಿಟ್ಟಿದೆ.

ಸೂರಿನ ಧ್ವನಿಯ ವಿಷಯ. ಮಗು ಬಂದ ದಿನವೇ ಅದು ಕೇಳಬೇಕೇ ಅಕ್ಕ? ಸ್ವಲ್ಪ ದೊಡ್ಡದಾದ ಮೇಲೆ, ನಾವೇ ಕೂರಿಸಿಕೊಂಡು ಕೇಳಿಸಿದರೆ ಆಗದೇ? ಸುಮ್ಮನೆ ಕೇಳಿದೆ. ನಿಮಗೆ ಹೇಗೆ ಸರಿ ಅನ್ನಿಸುತ್ತದೋ ಹಾಗೆ ಮಾಡಿ. ಅದರಲ್ಲಿ ಅವರು ಕರೆಯುವುದೂ ನಿಮ್ಮನ್ನೇ ಅಲ್ಲವೇ. ನಾನು ಅವತ್ತು ಗಿರಣಿಗೆ ಬರಲಿಲ್ಲ, ತಲೆನೋವು ಅಂತ ಮಲಗಿಬಿಟ್ಟೆ. ಬಂದಿದ್ದರೆ ನನ್ನನ್ನೂ ಬೈದಿರುತ್ತಿದ್ದರು.

ನಿಮ್ಮ ಹುಡುಗಿ


ಮೇ 16

ಹುಡುಗೀ, ಬಂದಿವೆ!

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓಡಿದರೆ ಹಿಡಿದುಕೊಂಡು ಓದು. ಮೊನ್ನೆ ಸಂಜೆ ಸ್ವಿಚ್ಚು ಹಾಕಿ ಕಿಟಕಿಯಲ್ಲಿ ನಿಂತಿದ್ದೆ. ಆಕಾಶ ಹರಿದ ಹಾಗೆ ಒಂದು ಕೂಗು. ಸ್ಪೀಕರಿನದು ಅಂದುಕೊಂಡೆ. ನೋಡಿದರೆ ಮೇಲಿನಿಂದ! ಎರಡು ಹಕ್ಕಿ. ಬೀದಿ ಉದ್ದಕ್ಕೂ ತಲೆಮಟ್ಟದಲ್ಲಿ ಹಾರಿ, ಬೇಕರಿ ಬೋರ್ಡಿಗೆ ಇನ್ನೇನು ಬಡಿದವು ಅನ್ನುವಾಗ ಹೊರಳಿ, ಮತ್ತೆ ಬಂದವು. ನಾಲ್ಕಾರು ಸಲ ಹಾಗೇ ಮಾಡಿ, ಒಂದು ಹಕ್ಕಿ ನೆಟ್ಟಗೆ ಬಂದು ತಮ್ಮ ಕಟ್ಟಿದ ಮೂರನೇ ಪೆಟ್ಟಿಗೆಯ ತೂತಿನೊಳಗೆ ಹೊಕ್ಕುಬಿಟ್ಟಿತು. ನಾನು ಬಾಯಿಗೆ ಸೆರಗು ತುರುಕಿಕೊಂಡು ನಿಂತೆ. ಕಿರುಚಿದರೆ ಎಲ್ಲಿ ಓಡಿಹೋಗುತ್ತವೋ ಅಂತ.

ಎಂಥ ವಿಧಿ ನೋಡು. ಅಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದವನು ಅವನು. ಕಂಡದ್ದು ಹಕ್ಕಿ ಅಂದರೆ ಮುಖ ಸಿಂಡರಿಸುತ್ತಿದ್ದ ನಾನು. ನಿಮ್ಮ ಮಂಚದ ಮೇಲೆ ಕೂತು ತುಂಬಾ ಹೊತ್ತು ಅತ್ತೆ.

ಇದನ್ನು ಯಾರಿಗೂ ಹೇಳಿಲ್ಲ. ಬೀದಿ ಬಳಗದ ನಿಯಮ ನಿನಗೂ ಗೊತ್ತಲ್ಲ, ಜೋಡಿ ಒಳಗೆ ಹೋಯಿತೆಂದರೆ ಧ್ವನಿ ನಿಲ್ಲಿಸಬೇಕು. ಮೇಷ್ಟ್ರಿಗೆ ತಿಳಿದರೆ ಆ ಗಳಿಗೆಯಲ್ಲೇ ವೈರು ಕಿತ್ತುಹಾಕುತ್ತಾರೆ. ಅವರು ದಿನಾ ದುರ್ಬೀನು ಹಿಡಿದು ಎದುರಿನ ಸಾಲಿನ ಪೆಟ್ಟಿಗೆಗಳನ್ನು ನೋಡುತ್ತಾ, "ಈ ವರ್ಷಾನೂ ಇಲ್ಲ ಅನ್ಸತ್ತೆ ಕಣಮ್ಮ" ಅಂದು ಹೋಗುತ್ತಾರೆ. ನಾನು ಕತ್ತು ಬಗ್ಗಿಸಿ ಗುಂಡಿ ಹೊಲಿಯುತ್ತೇನೆ. ಕೂಗು ಕೇಳಿದವರೂ ಸ್ಪೀಕರಿನದು ಅಂದುಕೊಳ್ಳುತ್ತಾರೆ.

ಗೊತ್ತಿರುವುದು ನನಗೆ, ನಿನಗೆ ಮಾತ್ರ. ನನ್ನ ಹಾಗೆ ಬೀದಿಗೆ ಓಡಬೇಡ.

ನಿನ್ನ ಅಕ್ಕ


ಮೇ 24

ಅಕ್ಕ,

ಓದಿ ಓದಿ ಕಾಗದ ಮಡಿಕೆಯಲ್ಲಿ ಹರಿದುಹೋಯಿತು. ಮೂರನೇ ಪೆಟ್ಟಿಗೆಯೇ? ಅದರ ತೂತು ಸೊಟ್ಟಗಾಯಿತು ಅಂತ ಅವರು ಒಂದು ಭಾನುವಾರವೆಲ್ಲ ಮುಖ ಗಂಟು ಹಾಕಿಕೊಂಡಿದ್ದರು.

ಅಕ್ಕ, ಧ್ವನಿ ನಿಲ್ಲಿಸಿ. ಅವರು ಊಟಕ್ಕೆ ಕೂತಾಗಲೆಲ್ಲ ಇದನ್ನೇ ಹೇಳುತ್ತಿದ್ದರು, ನನಗೆ ಬಾಯಿಪಾಠವಾಗಿದೆ. ಖಾಲಿ ಪೆಟ್ಟಿಗೆಗೆ ಆ ಕೂಗು ಆಹ್ವಾನ. ಸೇರಿಕೊಂಡ ಜೋಡಿಗೆ ಅದೇ ಕೂಗು ಜಗಳ. ತಮ್ಮ ಗೂಡನ್ನು ಇನ್ನೊಬ್ಬರು ಕಿತ್ತುಕೊಳ್ಳಲು ಬಂದಿದ್ದಾರೆ ಅಂತ ದಿನವೆಲ್ಲ ಹೆದರಿಕೊಂಡಿರುತ್ತವೆ. ಹೆದರಿದರೆ ಮೊಟ್ಟೆ ಇದ್ದರೂ ಬಿಟ್ಟುಹೋಗುತ್ತವಂತೆ. ನಿಮಗಿಂತ ಹೆಚ್ಚು ನನಗೆ ಗೊತ್ತಿದೆ ಅಂತ ಅಲ್ಲ. ಅವರ ಮಾತು ನಿಮಗೆ ತಲುಪಿಸುತ್ತಿದ್ದೇನೆ, ಅಷ್ಟೇ.

ಇವತ್ತು ಬೆನ್ನು ಬಹಳ ನೋಯುತ್ತಿದೆ, ಇಷ್ಟಕ್ಕೇ ನಿಲ್ಲಿಸುತ್ತೇನೆ. ಚಿಂತೆ ಬೇಡ, ನಿಂತು ನಿಂತು ಹಾಗಾಗಿರಬೇಕು.

ನಿಮ್ಮ ಹುಡುಗಿ


ಜೂನ್ 2

ಹುಡುಗೀ,

ಬೆನ್ನಿಗೆ ಎಣ್ಣೆ ಹಚ್ಚಿಸಿಕೋ. ಮುಂದಿನ ತಿಂಗಳು ರಜೆ ಹಾಕಿ ಇಲ್ಲಿಗೇ ಬಂದುಬಿಡು. ಇಲ್ಲಿ ನಾನಿರುವಾಗ ಪಕ್ಕದ ಯಂತ್ರದವಳು ಯಾಕೆ ನೋಡಿಕೊಳ್ಳಬೇಕು?

ಹಕ್ಕಿಗಳ ಚಿಂತೆ ಬಿಡು, ಅವಕ್ಕೆ ಆ ಕೂಗೆಂದರೆ ಪ್ರಾಣ. ಸ್ವಿಚ್ಚು ಹಾಕಿದ ಕೂಡಲೇ ಎರಡೂ ಹೊರಗೆ ಬಂದು ಸೂರಿನ ಸುತ್ತ ಗಿರಗಿರ ತಿರುಗುತ್ತವೆ. ತೂತಿನವರೆಗೆ ಬಂದು, ಇನ್ನೇನು ಒಳಗೆ ಹೋದವು ಅನ್ನುವಾಗ ಹೊರಳಿ ಹೋಗುತ್ತವೆ. ಮತ್ತೆ ಬರುತ್ತವೆ, ಮತ್ತೆ ಹೋಗುತ್ತವೆ. ಮಕ್ಕಳು ಮುಟ್ಟಾಟ ಆಡಿದ ಹಾಗೆ! ದನಿ ನಿಂತ ಮೇಲೂ ಎಷ್ಟೋ ಹೊತ್ತು ಆಟ ಮುಗಿಯುವುದಿಲ್ಲ. ಹೆದರಿದವು ಹೀಗೆ ಆಡುತ್ತವೆಯೇ? ನೀನೇ ಹೇಳು.

ನಿಯಮ ನಿಯಮ ಅಂತ ನನ್ನ ತಮ್ಮನ ಬಾಯಿಯನ್ನು ನಾನೇ ಮುಚ್ಚಲಾರೆ. ಸೆಪ್ಟೆಂಬರ್ ಎಷ್ಟು ದೂರವಿದೆ? ಮಗು ಒಂದು ಸಲ ಕೇಳಲಿ, ಆಮೇಲೆ ನಾನೇ ಏಣಿ ಹತ್ತಿ ಎಲ್ಲ ಬಿಚ್ಚುತ್ತೇನೆ.

ನೀಲಿ ಗೆರೆಯ ಜುಬ್ಬ ಆಯಿತು. ಕೊರಳಿನ ಬಟ್ಟೆಯನ್ನು ಒಳಗೆ, ಎದೆಯ ಹತ್ತಿರ ಜೋಡಿಸಿದ್ದೇನೆ. ಹೊಲಿಗೆ ಚುಚ್ಚಬಾರದೆಂದು ಎಲ್ಲ ಗಂಟುಗಳನ್ನೂ ಹೊರಕ್ಕೆ ಹಾಕಿದೆ. ಎರಡು ಟೋಪಿ, ನಾಲ್ಕು ಲಂಗೋಟಿ. ಬೇಕರಿಯಮ್ಮ ಬಂದು ಜುಬ್ಬವನ್ನು ಅಂಗೈ ಮೇಲೆ ಹರಡಿ, "ಇಷ್ಟೇ ಇಷ್ಟು ಇರತ್ತಾ ಅದು?" ಅಂದಳು. ಮೂರು ಹೆತ್ತವಳು, ಮರೆತಿದ್ದಾಳೆ.

ನಿನ್ನ ಅಕ್ಕ


ಜೂನ್ 21

ಅಕ್ಕ,

ಬರೆಯುವುದು ತಡವಾಯಿತು. ರಜೆಯಲ್ಲಿದ್ದೆ. ಈಗ ಪರವಾಗಿಲ್ಲ, ನಿನ್ನೆಯಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಪಕ್ಕದ ಯಂತ್ರದವಳು ಊಟ ತಂದು ಎದುರಿಗೆ ಕೂತು ತಿನ್ನಿಸುತ್ತಾಳೆ.

ಬಟ್ಟೆ ಹೊಲಿಯುವುದು ಇನ್ನು ಸಾಕು. ನಿಮಗೂ ಅಂಗಡಿಯ ಕೆಲಸವಿರುತ್ತದೆ.

ಅವು ಆಡುತ್ತಿಲ್ಲ ಅಕ್ಕ. ಒಳಗೆ ಹೋಗಲು ಹೆದರುತ್ತಿವೆ. ದಯವಿಟ್ಟು ಧ್ವನಿ ನಿಲ್ಲಿಸಿ. ಮಗುವಿಗೆ ಕೇಳಿಸಬೇಕೆಂದು ಇಡುವುದಾದರೆ ಬೇಡ. ಈಗಲೇ ನಿಲ್ಲಿಸಿ.

ನಿಮ್ಮ ಹುಡುಗಿ


ಜೂನ್ 27

ಹುಡುಗೀ,

ನಾಲ್ಕು ಸಾಲು! ತಿಂಗಳು ಕಾದದ್ದಕ್ಕೆ ನನಗೆ ಸಿಕ್ಕಿದ್ದು ನಾಲ್ಕು ಸಾಲು, ಅದರಲ್ಲೂ ಅಪ್ಪಣೆ. ಬಟ್ಟೆ ಸಾಕು, ಧ್ವನಿ ಬೇಡ. ಇನ್ನೇನು ಬೇಡ ನಿನಗೆ? ನಾನೂ ಬೇಡವೇ? ಅದನ್ನೂ ಬರೆದುಬಿಡು, ಒಂದೇ ಸಲ ಮುಗಿದುಹೋಗಲಿ.

ಮನಸ್ಸಿನಲ್ಲಿಟ್ಟುಕೊಂಡು ಕೊಳೆಯುವುದು ನನಗೆ ಬರುವುದಿಲ್ಲ, ಆಡಿಬಿಡುತ್ತೇನೆ. ಅವನು ಹೋಗಿ ಎರಡು ತಿಂಗಳು ತುಂಬುವ ಮೊದಲು ನೀನು ಗಂಟುಮೂಟೆ ಕಟ್ಟಿದೆ. ಕೆಲಸ ಅಂದೆ. ಕನ್ನಡಕದ ಗಾಜು ಈ ಊರಿನಲ್ಲಿರಲಿಲ್ಲವೇ? ಬಸ್ಸು ಹತ್ತುವಾಗ ಒಂದು ಸಲ ತಿರುಗಿ ನೋಡಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಅವನ ಬಟ್ಟೆ, ಅವನ ಉಳಿ, ಅವನ ಬೀದಿ, ಅವನ ಹಕ್ಕಿ, ಎಲ್ಲ ನನ್ನ ಕೊರಳಿಗೆ ಕಟ್ಟಿ ಹೋದೆ. ಕಟ್ಟಿಕೊಂಡೆ. ಈಗ ಅವನ ದನಿಯನ್ನೂ ನಾನೇ ಕೊಲ್ಲಬೇಕೇ?

ಅವನನ್ನು ಎತ್ತಿ ಆಡಿಸಿ ಬೆಳೆಸಿದ ಕೈ ಇದು. ಅಮ್ಮ ಹೋದಾಗ ಅವನಿಗೆ ಹಲ್ಲು ಪೂರ್ತಿ ಬಂದಿರಲಿಲ್ಲ. ನನ್ನ ಹತ್ತಿರ ಬೇರೇನಿದೆ ಹೇಳು? ಮಗುವನ್ನು ನೀನೇ ಇಟ್ಟುಕೋ, ಅಲ್ಲೇ ಬೆಳೆಸು, ನನಗೆ ತೋರಿಸುವುದಕ್ಕೂ ಬರಬೇಡ. ಆದರೆ ಒಂದೇ ಒಂದು ಸಲ ಅದರಪ್ಪನ ದನಿ ಸೂರಿನಿಂದ ಕೇಳಿಸು. ಅಷ್ಟಕ್ಕೂ ನೀನು ಬೇಡ ಅಂದರೆ ನಿನ್ನದು ಕಲ್ಲು ಮನಸ್ಸು.

ಮೇಷ್ಟ್ರು ಮೊನ್ನೆ ಗೋಡೆಯ ಮೇಲಿನ ಹಿಕ್ಕೆ ನೋಡಿ, "ಇದ್ಯಾವ್ದು ಕಣಮ್ಮ?" ಅಂದರು. ಪಾರಿವಾಳದ್ದು ಅಂದೆ. ಅವರ ಮುಖ ನೋಡಲಾಗಲಿಲ್ಲ. ಈಗ ಮೂರು ದಿನದಿಂದ ಒಂದೇ ಹಕ್ಕಿ ಕಾಣುತ್ತಿದೆ. ಇನ್ನೊಂದು ಎಲ್ಲೋ ದೂರ ಮೇಯಲು ಹೋಗಿರಬೇಕು.

ಅಕ್ಕ


ಜುಲೈ 3

ಅಕ್ಕ,

ಮಗು ಇಲ್ಲ.

ಜೂನ್ ಎಂಟಕ್ಕೆ ಹೋಯಿತು. ಆರನೇ ತಿಂಗಳು. ಕೆಲಸದಲ್ಲಿರುವಾಗ ಬೆನ್ನಿನ ನೋವು ಹೊಟ್ಟೆಗೆ ಇಳಿಯಿತು. ಪಕ್ಕದ ಯಂತ್ರದವಳು ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದಳು. ಡಾಕ್ಟರರಿಂದ ಏನೂ ಮಾಡಲಾಗಲಿಲ್ಲ. ಯಾರ ತಪ್ಪೂ ಅಲ್ಲ ಅಂದರು. ಭಾರ ಎತ್ತಿರಲಿಲ್ಲ, ಬಿದ್ದಿರಲಿಲ್ಲ ಅಕ್ಕ, ನಿಜವಾಗಿ.

ಆಸ್ಪತ್ರೆಯಿಂದ ಕೋಣೆಗೆ ಬಂದಾಗ ಬಾಗಿಲಿನ ಸಂದಿಯಲ್ಲಿ ನಿಮ್ಮ ಕಾಗದ ಬಿದ್ದಿತ್ತು. ಜುಬ್ಬ, ಎರಡು ಟೋಪಿ, ಹೊರಕ್ಕೆ ಹಾಕಿದ ಗಂಟುಗಳು. ನಾನು ಅದನ್ನು ದಿನಾ ಓದಿದೆ. ನಿಮ್ಮ ಕಾಗದದಲ್ಲಿ ಮಗು ಇನ್ನೂ ಇತ್ತು. ನಿಮಗೆ ಹೇಳಿಬಿಟ್ಟರೆ ಅಲ್ಲೂ ಇಲ್ಲವಾಗುತ್ತದೆ ಅಂತ ಹೇಳಲಿಲ್ಲ. ನಿಮ್ಮನ್ನು ನೋಯಿಸಬಾರದು ಅನ್ನುವ ದೊಡ್ಡ ಗುಣವೇನೂ ಅಲ್ಲ. ನನಗೇ ಬೇಕಾಗಿತ್ತು.

ಇನ್ನೊಂದು. ನಾನು ಕೆಲಸಕ್ಕಾಗಿ ಊರು ಬಿಡಲಿಲ್ಲ. ಫೆಬ್ರವರಿಯಲ್ಲಿ ಮೇಷ್ಟ್ರು ವೈರು ಸರಿಯಿದೆಯೇ ಅಂತ ಪರೀಕ್ಷಿಸಲು ಒಂದು ಸಲ ಧ್ವನಿ ಹಾಕಿದರಲ್ಲ, ಆಗ ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ನಿಮ್ಮ ತಮ್ಮ ನಕ್ಕದ್ದು ಕೇಳಿಸಿತು. ಒದ್ದೆ ಕೈಯಲ್ಲೇ ಕಿಟಕಿಗೆ ಓಡಿದೆ. "ಬಂದ್ರಾ?" ಅಂತ ಕೂಗಿಯೇಬಿಟ್ಟೆ. ಕೆಳಗೆ ಬೀದಿಯಲ್ಲಿ ಮೇಷ್ಟ್ರು ತಲೆ ತಗ್ಗಿಸಿದರು. ಇನ್ನು ದಿನಕ್ಕೆರಡು ಸಲ ಹಾಗೆ ಓಡಬೇಕಾಗುತ್ತದೆ ಅಂತ ತಿಳಿದು ಹೊರಟುಬಿಟ್ಟೆ. ಫೋನು ಬೇಡ ಅಂದದ್ದೂ ಅದಕ್ಕೇ, ನಿಮ್ಮ ಹಿಂದಿನಿಂದ ಆ ನಗು ಕೇಳಿಸೀತು ಅಂತ. ಬಸ್ಸಿನಿಂದ ತಿರುಗಿ ನೋಡಲಿಲ್ಲ, ನಿಜ. ನೋಡಿದ್ದರೆ ಇಳಿದುಬಿಡುತ್ತಿದ್ದೆ. ನಿಮಗೆ ಆ ದನಿ ಬದುಕಲು ಬೇಕು, ನನಗೆ ಅದನ್ನು ಕೇಳಿ ಬದುಕಲಾಗದು. ಇದನ್ನು ಹೇಗೆ ಹೇಳಲಿ ನಿಮಗೆ?

ಈಗ ಸೆಪ್ಟೆಂಬರಿಗೆ ಯಾರೂ ಬರುವುದಿಲ್ಲ ಅಕ್ಕ. ಇವರು ಬೇಕೆಂದು ಬೇಡಿದ್ದರಲ್ಲಿ ಉಳಿದದ್ದು ಆ ಎರಡು ಹಕ್ಕಿ. ಅವನ್ನಾದರೂ ಇರಲು ಬಿಡಿ.

ಮನಸ್ಸು ಕಲ್ಲು ಅಂದಿರಿ. ಆಗಿದ್ದರೆ ಒಳ್ಳೆಯದಿತ್ತು.

ಹುಡುಗಿ


ಜುಲೈ 9

ನನ್ನ ಕೂಸೇ,

ಕಾಗದ ಬಂದಾಗ ಸಂಜೆಯ ದನಿ ನಡೆಯುತ್ತಿತ್ತು. ಮೆಟ್ಟಿಲ ಮೇಲೇ ನಿಂತು ಓದಿದೆ. ಮೊದಲ ಸಾಲು ಓದಿ ಕಾಗದ ಮಡಚಿದೆ, ಮತ್ತೆ ಬಿಚ್ಚಿದೆ, ಇನ್ನೊಂದು ಸಲ ಓದಿದರೆ ಬೇರೆ ಇರುತ್ತದೇನೋ ಅಂತ. ಪೂರ್ತಿ ಓದಿ ಮುಗಿಸಿ ಮೇಲೆ ಹೋಗಿ ಸ್ವಿಚ್ಚು ತೆಗೆದೆ. ಅವನ ಮಾತು ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ಅದು ಬರುವವರೆಗೆ ಕಾಯಲಿಲ್ಲ. ಕಾದಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

ಬೀದಿ ಎಷ್ಟು ಸುಮ್ಮನಾಯಿತು ಅಂದರೆ ಎದುರುಮನೆಯ ಅಜ್ಜಿ ಹೊರಗೆ ಬಂದು ಮೇಲೆ ನೋಡಿದರು. ನಾನು ಕಿಟಕಿಯಲ್ಲಿದ್ದೆ.

ಮೇಷ್ಟ್ರ ಮನೆಗೆ ನಾನೇ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು, "ನಡೀರಿ, ನೋಡೋಣ" ಅಂದರು. ಮರುದಿನವೆಲ್ಲ ಇಬ್ಬರೂ ಬೇಕರಿಯ ಬೆಂಚಿನ ಮೇಲೆ ಕೂತೆವು. ಮಧ್ಯಾಹ್ನ ಒಂದು ಹಕ್ಕಿ ಬಂತು, ತೂತಿನ ಹತ್ತಿರ ತಡವರಿಸದೆ ಒಳಗೆ ಹೋಯಿತು. ತುಂಬಾ ಹೊತ್ತು ಹೊರಗೆ ಬರಲಿಲ್ಲ. ಇನ್ನೊಂದು ಇವತ್ತಿಗೂ ಬಂದಿಲ್ಲ. ಒಳಗೆ ಮರಿ ಇದೆಯೋ, ಕೆಟ್ಟ ಮೊಟ್ಟೆ ಇದೆಯೋ, ಗೊತ್ತಿಲ್ಲ. ಪೆಟ್ಟಿಗೆ ತೆಗೆದು ನೋಡುವ ಹಾಗಿಲ್ಲ. "ಒಂದೇ ಇದ್ರೂ ಸಾಕ್ತವೆ ಕೆಲವು" ಅಂದರು ಮೇಷ್ಟ್ರು. ನನ್ನ ಸಮಾಧಾನಕ್ಕೆ ಅಂದರೋ, ನಿಜವೋ. ಅದು ಆಟವಲ್ಲ ಅಂತ ನನಗೂ ಎಲ್ಲೋ ಗೊತ್ತಿತ್ತು ಕೂಸೇ. ಗೊತ್ತಾಗುವುದು ಬೇಡವಾಗಿತ್ತು.

ನಿನಗೆ ಬರೆದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂದರೆ ಅದು ಹಿಂದಕ್ಕೆ ಬರುತ್ತದೆಯೇ? ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡವಳಿಗೆ ನಾನು ಕಲ್ಲು ಅಂದೆ. ನನ್ನ ನಾಲಿಗೆ ಬಿದ್ದುಹೋಗಬಾರದೇ. ಅಷ್ಟು ದೂರದಲ್ಲಿ, ಪಕ್ಕದ ಯಂತ್ರದವಳ ಕೈ ಹಿಡಿದುಕೊಂಡು ಒಬ್ಬಳೇ ಅನುಭವಿಸಿದೆಯಲ್ಲೇ. ಆ ಹೆಣ್ಣುಮಗಳಿಗೆ ನಾನು ಎಷ್ಟು ಕೈಮುಗಿದರೂ ಸಾಲದು.

ನಾಡಿದ್ದು ಹೊರಡುತ್ತಿದ್ದೇನೆ. ಅಂಗಡಿಗೆ ಬೀಗ. ಹಕ್ಕಿ ನೋಡಿಕೊಳ್ಳಲು ಬಳಗದವರಿದ್ದಾರೆ, ಬೇಕರಿಯಮ್ಮ ಬೆಂಚಿನ ಮೇಲಿನ ಪಾಳಿ ಹಂಚಿಯಾಯಿತು. ದನಿಯ ನಕಲು ತರುವುದಿಲ್ಲ, ಹೆದರಬೇಡ. ಬಟ್ಟೆಯನ್ನೂ ತರುವುದಿಲ್ಲ. ಬರಬೇಡಿ ಅಂತ ಬರೆಯಲು ನಿನಗೆ ಸಮಯವೂ ಕೊಟ್ಟಿಲ್ಲ, ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನಾನು ಬಾಗಿಲಲ್ಲಿರುತ್ತೇನೆ.

ಹೋದದ್ದನ್ನು ನೆನೆಸಬೇಡ, ಮರೆತುಬಿಡು ಅಂತ ಅಲ್ಲಿ ಎಲ್ಲರೂ ಹೇಳಿರುತ್ತಾರೆ. ಅದರ ವಿಷಯ ನಿನ್ನನ್ನು ಯಾರೂ ಕೇಳಿರಲಿಕ್ಕಿಲ್ಲ. ನಾನು ಕೇಳಬೇಕು. ಗಂಡೋ ಹೆಣ್ಣೋ, ಕೂದಲಿತ್ತಾ, ನಿನ್ನ ಕೈಗೆ ಕೊಟ್ಟರಾ, ಮೂಗು ಯಾರ ಹಾಗಿತ್ತು. ಬರೆಯಬೇಡ. ನಾನು ಬಂದ ಮೇಲೆ ಎದುರಿಗೆ ಕೂತು ಎಲ್ಲ ಹೇಳು. ನಾನು ಅದರ ಸೋದರತ್ತೆ.

ಅಕ್ಕ